ಬ್ಲೀಚಿಂಗ್ ಆದ ಹಲ್ಲಿಗೆ ವೆನಿಯರ್: ಎಷ್ಟು ದಿನ ಕಾಯಬೇಕು, ಹೇಗೆ ಅಂಟಿಸಬೇಕು?

ಪ್ರಶ್ನೆ: ಮೇಲ್ದವಡೆಯ ಮುಂದಿನ ಆರು ಹಲ್ಲುಗಳಿಗೆ ಲಿಥಿಯಂ ಡೈಸಿಲಿಕೇಟ್ ಪಿಂಗಾಣಿಯ ವೆನಿಯರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಮಾಡುತ್ತಿದ್ದೇನೆ. ರೋಗಿ ಮೂರು ವಾರ ರಾತ್ರಿ ಹೊತ್ತು ಟ್ರೇಯಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಬಳಸಿದ್ದರು. ಕೊನೆಗೆ ಕ್ಲಿನಿಕ್ಕಿನಲ್ಲಿ ಶೇ. 35ರ ಹೈಡ್ರೋಜನ್ ಪೆರಾಕ್ಸೈಡಿನಿಂದ ಒಂದು ಸಲ ಬ್ಲೀಚ್ ಮಾಡಿದೆ. ಮರುದಿನವೇ ಶೇಡ್ (ಹಲ್ಲಿನ ಬಣ್ಣದ ಅಳತೆ) ನೋಡಿ, ಹಲ್ಲಿನ ಹೊರಪದರವಾದ ಎನಾಮೆಲ್ ಒಳಗೇ ಸುಮಾರು 0.3 ಮಿ.ಮೀ. ಕಡಿದು ಅಳತೆ ತೆಗೆದೆ. ಬ್ಲೀಚ್ ಮಾಡಿ ಇಂದಿಗೆ ಎಂಟು ದಿನ. ವೆನಿಯರ್‌ಗಳು ಲ್ಯಾಬಿನಿಂದ ಬಂದಿವೆ. ರೋಗಿ ನಾಡಿದ್ದು ಪ್ರಯಾಣ ಹೊರಡುತ್ತಾರೆ, ಮರಳುವುದು ತಿಂಗಳ ನಂತರ. ಸೋಡಿಯಂ ಆಸ್ಕಾರ್ಬೇಟ್ (ಉಳಿದ ಆಮ್ಲಜನಕವನ್ನು ತಟಸ್ಥಗೊಳಿಸುವ ವಿಟಮಿನ್ ಸಿಯ ಲವಣ) ಹಚ್ಚಿ ನಾಳೆಯೇ ಅಂಟಿಸಬಹುದೇ? ಹಿಂದೆ ಇದೇ ರೀತಿ ಮಾಡಿದ್ದ ಇನ್ನೊಬ್ಬರ ಒಂದು ವೆನಿಯರ್ ತಿಂಗಳೊಳಗೆ ಕಳಚಿತು. ಸಿಮೆಂಟೆಲ್ಲ ವೆನಿಯರ್ ಒಳಗೇ ಉಳಿದಿತ್ತು, ಹಲ್ಲಿನ ಮೇಲೆ ಏನೂ ಇರಲಿಲ್ಲ. ಕಾರಣವೇನಿರಬಹುದು?

ಉತ್ತರ: ಹಿಡಿತದ ಮಟ್ಟಿಗೆ ನಾಳೆ ಅಂಟಿಸಲು ದಾರಿಯಿದೆ. ಬಣ್ಣದ ಮಟ್ಟಿಗೆ ಇಲ್ಲ. ನಿಮ್ಮ ಪ್ರಶ್ನೆ ಪೂರ್ತಿ ಹಿಡಿತದ ಸುತ್ತಲೇ ಇದೆ, ಆದರೆ ನಿಜವಾದ ತಪ್ಪು ನಡೆದಿರುವುದು ಶೇಡ್ ತೆಗೆದ ದಿನ.

ಬ್ಲೀಚಿಂಗ್ ಮುಗಿದ ಮೇಲೆ ಎರಡು ಲೆಕ್ಕಗಳು ಶುರುವಾಗುತ್ತವೆ. ಒಂದು, ಹಲ್ಲಿನೊಳಗೆ ಉಳಿದು ಅಂಟಿನ ಹಿಡಿತ ಕೆಡಿಸುವ ಆಮ್ಲಜನಕ ಹೊರಹೋಗುವ ಲೆಕ್ಕ. ಇದನ್ನು ಕೊನೆಯ ಬ್ಲೀಚಿಂಗ್‌ನಿಂದ ಅಂಟಿಸುವ ದಿನದವರೆಗೆ ಎಣಿಸಬೇಕು. ಇನ್ನೊಂದು ಬಣ್ಣ ನೆಲೆಗೊಳ್ಳುವ ಲೆಕ್ಕ. ಇದನ್ನು ಕೊನೆಯ ಬ್ಲೀಚಿಂಗ್‌ನಿಂದ ಶೇಡ್ ತೆಗೆಯುವ ದಿನದವರೆಗೆ ಎಣಿಸಬೇಕು. ಎರಡಕ್ಕೂ ಸಾಮಾನ್ಯವಾಗಿ ಎರಡು ವಾರ ಎನ್ನುತ್ತೇವೆ. ಹಾಗಾಗಿ ಎರಡೂ ಒಂದೇ ಎಂದು ಅನೇಕರು ಅಂದುಕೊಳ್ಳುತ್ತಾರೆ. ಎರಡು ವಾರ ಕಾಯ್ದು ಶೇಡ್ ತೆಗೆದರೆ, ಆಮೇಲೆ ಹಲ್ಲು ತಯಾರಿಸಿ ಲ್ಯಾಬಿನ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು ವಾರವೋ ಹತ್ತು ದಿನವೋ ಹೇಗೂ ಕಳೆದಿರುತ್ತದೆ. ಆಗ ಹಿಡಿತದ ಕಾಯುವಿಕೆ ಅದರೊಳಗೇ ಮುಗಿದುಹೋಗುತ್ತದೆ, ಆಸ್ಕಾರ್ಬೇಟಿನ ಮಾತೇ ಬರುವುದಿಲ್ಲ. ಕ್ರಮ ಹಿಂದುಮುಂದಾದರೆ ಮಾತ್ರ ಈ ಪೇಚು.

ಮೊದಲು ಆಮ್ಲಜನಕದ ಕತೆ. ಹೈಡ್ರೋಜನ್ ಪೆರಾಕ್ಸೈಡ್ ಬಹಳ ಚಿಕ್ಕ ಅಣು. ಎನಾಮೆಲ್, ಅದರ ಕೆಳಗಿನ ಪದರವಾದ ಡೆಂಟಿನ್ ದಾಟಿ ಕೆಲವೇ ನಿಮಿಷಗಳಲ್ಲಿ ಪಲ್ಪ್, ಅಂದರೆ ನರವಿರುವ ತಿರುಳು, ಮುಟ್ಟುತ್ತದೆ. ಬ್ಲೀಚಿಂಗ್ ವೇಳೆ ಹಲ್ಲು ಜುಮ್ಮೆನ್ನುವುದು ಅದಕ್ಕೇ. ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಒಡೆದಾಗ ಸಿಗುವುದು ಸುಮಾರು ಶೇ. 3.5ರ ಹೈಡ್ರೋಜನ್ ಪೆರಾಕ್ಸೈಡ್, ಉಳಿದದ್ದು ಯೂರಿಯ. ಅದು ಮೆದು ಔಷಧ ಹೌದು, ಆದರೆ ಮೂರು ವಾರ, ದಿನಕ್ಕೆ ಆರೆಂಟು ಗಂಟೆ ಹಲ್ಲಿಗೆ ತಾಗಿಕೊಂಡಿದೆ ಎಂಬುದನ್ನು ಮರೆಯಬಾರದು. ಪೆರಾಕ್ಸೈಡ್ ಒಡೆದು ನೀರು ಮತ್ತು ಆಮ್ಲಜನಕವಾದ ಮೇಲೆ ಆ ಆಮ್ಲಜನಕ ಎನಾಮೆಲ್ಲಿನ ಸಂದುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಡೆಂಟಿನ್ನಿನ ನಾಳಗಳಲ್ಲಿ ಉಳಿದುಕೊಳ್ಳುತ್ತದೆ. ಡೆಂಟಿನ್ ಇಲ್ಲಿ ಒಂದು ತೊಟ್ಟಿಯಂತೆ: ಮೇಲ್ಮೈ ಖಾಲಿಯಾದಂತೆ ಒಳಗಿನಿಂದ ಮತ್ತೆ ತುಂಬಿಸುತ್ತಿರುತ್ತದೆ.

ವೆನಿಯರ್ ಅಂಟಿಸುವ ರೆಸಿನ್ ಗಟ್ಟಿಯಾಗುವುದು ಮುಕ್ತ ರ‍್ಯಾಡಿಕಲ್‌ಗಳ ಸರಪಳಿಯಿಂದ. ಅಲ್ಲಿ ಆಮ್ಲಜನಕ ಸಿಕ್ಕರೆ ರ‍್ಯಾಡಿಕಲ್ ಮುಂದಿನ ಮೊನೊಮರ್ (ರೆಸಿನ್ನಿನ ಬಿಡಿ ಅಣು) ಹಿಡಿಯುವ ಬದಲು ಆಮ್ಲಜನಕವನ್ನು ಹಿಡಿದು ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ. ಅದು ಸೋಮಾರಿ, ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಕಾಂಪೋಸಿಟ್ ತುಂಬಿದಾಗ ಮೇಲ್ಭಾಗದಲ್ಲಿ ಜಿಗುಟು ಪದರ ಉಳಿಯುವುದನ್ನು ದಿನವೂ ನೋಡುತ್ತೀರಲ್ಲ, ಅದೇ ಪದರ ಬ್ಲೀಚ್ ಆದ ಹಲ್ಲಿನಲ್ಲಿ ಕೆಳಗಡೆ, ಅಂಟು ಎನಾಮೆಲ್ಲಿಗೆ ಕಚ್ಚಿಕೊಳ್ಳಬೇಕಾದ ಜಾಗದಲ್ಲೇ ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎನಾಮೆಲ್ ಒಳಗೆ ಇಳಿದ ರೆಸಿನ್ ಬೇರುಗಳು ಗಿಡ್ಡ, ವಿರಳ, ನಡುನಡುವೆ ಗುಳ್ಳೆಗಳು. ಬ್ಲೀಚ್ ಆದ ದಿನವೇ ಅಂಟಿಸಿ ಎಳೆದು ನೋಡಿದ ಪ್ರಯೋಗಗಳಲ್ಲಿ ಹಿಡಿತ ಕಾಲುಭಾಗದಿಂದ ಅರ್ಧದವರೆಗೆ ಇಳಿದದ್ದುಂಟು. ನಂತರ ಒಂದರಿಂದ ಮೂರು ವಾರದೊಳಗೆ ಅದು ತಾನಾಗಿ ಮೊದಲಿನ ಮಟ್ಟಕ್ಕೆ ಬರುತ್ತದೆ.

ಕ್ರೌನ್‌ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಅದರ ಆಕಾರವೇ ಹಲ್ಲನ್ನು ಅಪ್ಪಿಕೊಂಡಿರುತ್ತದೆ. ವೆನಿಯರ್‌ಗೆ ಅಂಥ ಆಸರೆಯಿಲ್ಲ. 1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಸಿನಿಮಾ ನಟರಿಗೆ ಮಾಡಿಕೊಟ್ಟ ತೆಳು ಹೊದಿಕೆಗಳು ಚಿತ್ರೀಕರಣ ಮುಗಿಯುವವರೆಗೆ ನಿಂತರೆ ಸಾಕಿತ್ತು. 1955ರಲ್ಲಿ ಬ್ಯೂನೊಕೋರ್ ಎನಾಮೆಲ್ಲಿಗೆ ಆಮ್ಲ ಹಚ್ಚಿ ಒರಟು ಮಾಡುವುದನ್ನು (ಎಚ್ಚಿಂಗ್) ತೋರಿಸಿದ ಮೇಲೆ, 1980ರ ದಶಕದ ಆರಂಭದಲ್ಲಿ ಪಿಂಗಾಣಿಯನ್ನೂ ಎಚ್ಚ್ ಮಾಡಿ ಅಂಟಿಸಲು ಶುರುಮಾಡಿದ ಮೇಲೆಯೇ ವೆನಿಯರ್ ವರ್ಷಗಟ್ಟಲೆ ನಿಲ್ಲುವ ವಸ್ತುವಾಯಿತು. ಅಂದರೆ ಅದು ನಿಂತಿರುವುದೇ ಅಂಟಿನ ಮೇಲೆ.

ನಿಮ್ಮ ಪ್ರಕರಣಕ್ಕೆ ಬರೋಣ. ನಾಳೆಗೆ ಒಂಬತ್ತನೇ ದಿನ. ಬ್ಲೀಚ್ ಆದ ಮೇಲೆ ಹೊರಪದರ 0.3 ಮಿ.ಮೀ. ತೆಗೆದಿದ್ದೀರಿ, ಅದೂ ಒಳ್ಳೆಯದೇ; ಎನಾಮೆಲ್ಲಿನ ಮಟ್ಟಿಗೆ ಆಮ್ಲಜನಕದ ತೊಂದರೆ ಹೆಚ್ಚಾಗಿ ಮೇಲ್ಪದರದಲ್ಲಿರುತ್ತದೆ. ಅಂಚುಗಳೆಲ್ಲ ಎನಾಮೆಲ್ಲಿನಲ್ಲೇ ಇವೆ ಎಂದಾದರೆ ಹಿಡಿತದ ಅಪಾಯ ಈಗ ಬಹಳ ದೊಡ್ಡದಲ್ಲ, ಆಸ್ಕಾರ್ಬೇಟ್ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಹಾಗಂತ ಆಮ್ಲಜನಕ ತೆಗೆಯುವ ನೆಪದಲ್ಲಿ ಇನ್ನೂ ಆಳಕ್ಕೆ ಕಡಿಯಬೇಡಿ. ಕುತ್ತಿಗೆಯ ಬಳಿ ಎನಾಮೆಲ್ ಇರುವುದೇ ಅರ್ಧ ಮಿ.ಮೀ. ಆಸುಪಾಸು. ಡೆಂಟಿನ್ ತೆರೆದರೆ ಎರಡು ವಾರದ ತೊಂದರೆ ಹೋಗಿ ಇಡೀ ವೆನಿಯರ್ ಬಾಳಿಕೆಯ ತೊಂದರೆ ಬರುತ್ತದೆ.

ಬಣ್ಣಕ್ಕೆ ಇಂಥ ಪರಿಹಾರ ಯಾವುದೂ ಇಲ್ಲ. ಶೇ. 35ರ ಜೆಲ್ ಹಾಕಿ, ಕೆನ್ನೆ ತುಟಿ ಎಳೆದು ಹಿಡಿದು ಮುಕ್ಕಾಲು ಗಂಟೆ ಬಾಯಿ ತೆರೆದಿಟ್ಟರೆ ಹಲ್ಲು ಒಣಗುತ್ತದೆ. ಒಣಗಿದ ಎನಾಮೆಲ್ ಬೆಳಕನ್ನು ಒಳಗೆ ಬಿಡದೆ ಹಿಂದಕ್ಕೆ ಚದುರಿಸುವುದರಿಂದ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಒಣಗಿದ್ದು ಮತ್ತೆ ತೇವವಾಗಲು ಒಂದೆರಡು ದಿನ ಬೇಕು. ಅದರ ಜೊತೆಗೆ ಆಮ್ಲಜನಕ ಹೊರಹೋದಂತೆ ಎನಾಮೆಲ್ಲಿನ ಪಾರದರ್ಶಕತೆ ಮರಳಿ ಬಣ್ಣ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಸಾಮಾನ್ಯವಾಗಿ ಎರಡು ವಾರದವರೆಗೆ. ನೀವು ಮರುದಿನ ತೆಗೆದ ಶೇಡ್ ರೋಗಿಯ ಹಲ್ಲಿನ ನಿಜವಾದ ಬಣ್ಣವಲ್ಲ. ಅದರ ಪ್ರಕಾರ ವೆನಿಯರ್ ಮಾಡಿದ್ದರೆ ಅಕ್ಕಪಕ್ಕದ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು), ಕೆಳಗಿನ ಸಾಲು ಎರಡೂ ಈಗ ಅದಕ್ಕಿಂತ ಕಂದಿರುತ್ತವೆ. ಇನ್ನೊಂದು ತೊಡಕೂ ಇದೆ: 0.3ರಿಂದ 0.5 ಮಿ.ಮೀ. ದಪ್ಪದ ಪಾರದರ್ಶಕ ವೆನಿಯರ್ ಮೂಲಕ ಒಳಗಿನ ಹಲ್ಲು ಕಾಣುತ್ತದೆ. ಒಳಗಿನ ಹಲ್ಲಿನ ಬಣ್ಣ ಹಿಂದಕ್ಕೆ ಸರಿದರೆ ವೆನಿಯರ್ ಬಣ್ಣವೂ ಅದರ ಜೊತೆ ಬದಲಾಗುತ್ತದೆ. ಹೀಗಾಗಿ ಇಲ್ಲಿ ತಪ್ಪು ಯಾವ ದಿಕ್ಕಿಗೆ, ಎಷ್ಟು ಎಂದು ಲೆಕ್ಕ ಹಾಕಿ ಹೇಳಲು ಬರುವುದಿಲ್ಲ. ಬಾಯಲ್ಲಿಟ್ಟು ನೋಡಬೇಕು, ಅಷ್ಟೆ.

ಸಿಮೆಂಟಿನ ಬಣ್ಣದಿಂದ ಸರಿಮಾಡಬಹುದು ಎಂಬ ಆಸೆ ಇಟ್ಟುಕೊಳ್ಳಬೇಡಿ. ಸಿಮೆಂಟ್ ಪದರ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರಿಂದ ಸ್ವಲ್ಪ ಬೆಚ್ಚಗೆ, ಸ್ವಲ್ಪ ತಿಳಿಯಾಗಿ ಮಾಡಬಹುದೇ ಹೊರತು ಒಂದು ಪೂರ್ತಿ ಶೇಡ್ ಎತ್ತಿ ಇಳಿಸಲಾಗದು. ಪಿಂಗಾಣಿಯಲ್ಲೇ ಒಂದು ಶೇಡ್ ಬದಲಾಯಿಸಲು ಸುಮಾರು 0.2ರಿಂದ 0.3 ಮಿ.ಮೀ. ದಪ್ಪ ಬೇಕೆಂಬುದು ಲ್ಯಾಬಿನವರ ಲೆಕ್ಕ.

ಆದ್ದರಿಂದ ನಾಳೆ ಮಾಡಬೇಕಾದದ್ದು ಇದು: ರೋಗಿ ಬಂದು ಕೂತ ತಕ್ಷಣ, ಹಲ್ಲು ಒಣಗುವ ಮೊದಲು, ಟ್ರೈ-ಇನ್ ಪೇಸ್ಟ್ (ಅಂಟಿಸುವ ಮುನ್ನ ಬಣ್ಣ ನೋಡಲು ಹಾಕುವ, ತೊಳೆದರೆ ಹೋಗುವ ಪೇಸ್ಟ್) ಹಾಕಿ ಆರೂ ವೆನಿಯರ್ ಇಟ್ಟು ಪ್ರೀಮೋಲಾರ್ ಜೊತೆ ಹೋಲಿಸಿ. ಕಿಟಕಿಯ ಬೆಳಕಿನಲ್ಲಿ ಒಮ್ಮೆ, ಕುರ್ಚಿಯ ದೀಪ ಆರಿಸಿ ಒಮ್ಮೆ. ರೋಗಿಯ ಕೈಗೆ ಕನ್ನಡಿ ಕೊಡಿ. ಬಣ್ಣ ಕೂಡಿದರೆ ಮುಂದುವರಿಯಬಹುದು. ಅನುಮಾನ ಬಂದರೆ, ‘ಬಹುಶಃ ಸರಿಹೋಗುತ್ತದೆ’ ಎನ್ನುವಷ್ಟು ಅನುಮಾನ ಬಂದರೂ, ಅಂಟಿಸಬೇಡಿ. ತಾತ್ಕಾಲಿಕ ಹೊದಿಕೆಯನ್ನು ಬಿಸ್-ಆಕ್ರಿಲ್ ರೆಸಿನ್‌ನಲ್ಲಿ ಹೊಸದಾಗಿ ಮಾಡಿ, ಪ್ರತಿ ಹಲ್ಲಿನ ಮುಂಭಾಗದ ಮಧ್ಯದಲ್ಲಿ ಒಂದು ಸಾಸಿವೆಯಷ್ಟು ಜಾಗ ಮಾತ್ರ ಎಚ್ಚ್ ಮಾಡಿ ಕೂರಿಸಿ, ಆರನ್ನೂ ಒಂದಕ್ಕೊಂದು ಸೇರಿಸಿಯೇ ಬಿಟ್ಟು ಕಳಿಸಿ. ವಸಡಿನ ಕಡೆ ಸ್ವಚ್ಛ ಮಾಡಲು ಸಂದು ಬಿಟ್ಟಿರಲಿ. ತಿಂಗಳ ನಂತರ ಬಂದಾಗ ಹಲ್ಲೂ ನೆಲೆಗೊಂಡಿರುತ್ತದೆ, ಶೇಡ್ ಹೊಸದಾಗಿ ನೋಡಿ ಬೇಕಾದರೆ ಲ್ಯಾಬಿಗೆ ಕಳಿಸಬಹುದು. ಆ ಸಲ ಕಡಿದ ಹಲ್ಲಿನ ಶೇಡನ್ನೂ, ಶೇಡ್ ಗೈಡಿನ ತುಂಡು ಪಕ್ಕದಲ್ಲಿಟ್ಟು ತೆಗೆದ ಫೋಟೋವನ್ನೂ ಲ್ಯಾಬಿಗೆ ಕೊಡಿ. ಮೇಲಿನ ಬಣ್ಣ ಮಾತ್ರ ಹೇಳಿ ಒಳಗಿನ ಬಣ್ಣ ಹೇಳದಿದ್ದರೆ ತಂತ್ರಜ್ಞರು ಊಹೆಯ ಮೇಲೆ ಪಿಂಗಾಣಿ ಆರಿಸಬೇಕಾಗುತ್ತದೆ.

ರೋಗಿಯ ಪ್ರಯಾಣ ನಿಮ್ಮ ತುರ್ತು ಆಗಬೇಕಿಲ್ಲ.

ಬಣ್ಣ ಕೂಡಿ, ನಾಳೆಯೇ ಅಂಟಿಸುವುದಾದರೆ ಆಸ್ಕಾರ್ಬೇಟ್ ಹೀಗೆ. ಶೇ. 10ರ ದ್ರಾವಣ, ಅಂದರೆ 10 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಸೋಡಿಯಂ ಆಸ್ಕಾರ್ಬೇಟ್ ಪುಡಿ. ಆಸ್ಕಾರ್ಬಿಕ್ ಆಮ್ಲ ಅಲ್ಲ; ವಿಟಮಿನ್ ಸಿ ಮಾತ್ರೆ ಪುಡಿಮಾಡಿ ಬಳಸುವುದಂತೂ ಬೇಡ. ಆಮ್ಲರೂಪ ಹುಳಿ, ಎನಾಮೆಲ್ಲನ್ನು ತಾನೇ ಕೊರೆಯುತ್ತದೆ; ಸೋಡಿಯಂ ಲವಣ ಹೆಚ್ಚುಕಡಿಮೆ ತಟಸ್ಥ. ದ್ರಾವಣ ಅಂದೇ ಮಾಡಿ ಅಂದೇ ಮುಗಿಸಬೇಕು. ಗಾಳಿ ಬೆಳಕಿಗೆ ಸಿಕ್ಕಿ ಹಳದಿಯಾಗಿದ್ದರೆ ಅದು ಆಗಲೇ ಆಕ್ಸಿಡೀಕರಣಗೊಂಡಿದೆ, ಚೆಲ್ಲಿಬಿಡಿ. ಪ್ಯುಮಿಸ್‌ನಿಂದ ಹಲ್ಲು ತೊಳೆದ ಮೇಲೆ, ಆಮ್ಲ ಹಚ್ಚುವ ಮುನ್ನ, ಮೈಕ್ರೊಬ್ರಷ್‌ನಿಂದ ಹಚ್ಚಿ 10 ನಿಮಿಷ ಒದ್ದೆಯಾಗಿಡಿ. ಒಂದೆರಡು ನಿಮಿಷಕ್ಕೊಮ್ಮೆ ಹೊಸ ದ್ರಾವಣ ಹಾಕುತ್ತ ಮೆಲ್ಲಗೆ ಉಜ್ಜುತ್ತಿರಿ. ಆಮೇಲೆ ಅರ್ಧ ನಿಮಿಷ ಚೆನ್ನಾಗಿ ತೊಳೆಯಿರಿ. ಉಪ್ಪು ಒಣಗಿ ಉಳಿದರೆ ಅದೇ ಅಡ್ಡಿ. ಒಂದು ನಿಮಿಷ ಸವರಿ ತೊಳೆದದ್ದು ಲೆಕ್ಕಕ್ಕಿಲ್ಲ. ದ್ರಾಕ್ಷಿ ಬೀಜದ ಸಾರವೂ ಆಕ್ಸಿಡೀಕರಣ ತಡೆಯುತ್ತದೆ ಎಂದು ಕೆಲವರು ಅದನ್ನು ಬಳಸುತ್ತಾರೆ. ಅದಕ್ಕೆ ಕಂದು ಬಣ್ಣವಿದೆ, ತೆಳು ವೆನಿಯರ್ ಕೆಳಗೆ ನನ್ನ ಮತ ಅದಕ್ಕಿಲ್ಲ. ಆಲ್ಕೊಹಾಲ್ ಅಥವಾ ಅಸಿಟೋನ್ ಇರುವ ಬಾಂಡಿಂಗ್ ಏಜೆಂಟ್ (ಸಿಮೆಂಟಿಗೆ ಮುನ್ನ ಹಚ್ಚುವ ಅಂಟುದ್ರವ) ಆರಿಸುವುದು ಇನ್ನೊಂದು ಸಣ್ಣ ನೆರವು.

ಇನ್ನು ಕಳಚಿದ ವೆನಿಯರ್. ಸಿಮೆಂಟ್ ಎಲ್ಲಿ ಉಳಿದಿದೆ ಎಂದು ನೋಡಿದ್ದು ಒಳ್ಳೆಯದಾಯಿತು. ಬಹಳ ಮಂದಿ ಅದನ್ನು ನೋಡದೆ ಉಜ್ಜಿ ಮತ್ತೆ ಅಂಟಿಸಿಬಿಡುತ್ತಾರೆ. ಸಿಮೆಂಟ್ ವೆನಿಯರ್ ಒಳಗಿದ್ದು ಹಲ್ಲು ಬರಿದಾಗಿದ್ದರೆ ಸೋತಿರುವುದು ಹಲ್ಲಿನ ಕಡೆ. ಸಿಮೆಂಟ್ ಹಲ್ಲಿನ ಮೇಲಿದ್ದು ವೆನಿಯರ್ ಒಳಮೈ ಚೊಕ್ಕವಾಗಿದ್ದರೆ ಪಿಂಗಾಣಿಯ ಕಡೆ: ಎಚ್ಚಿಂಗ್ ಆಗಿಲ್ಲ, ಸಿಲೇನ್ (ಪಿಂಗಾಣಿಗೂ ರೆಸಿನ್ನಿಗೂ ಕೊಂಡಿಯಾಗುವ ದ್ರವ) ಹಳತು, ಅಥವಾ ಟ್ರೈ-ಇನ್ ಆದ ಮೇಲೆ ಜೊಲ್ಲು ತೊಳೆದಿಲ್ಲ. ಎರಡೂ ಕಡೆ ಅರ್ಧರ್ಧ ಇದ್ದರೆ ಸಿಮೆಂಟೇ ಒಳಗೊಳಗೆ ಹರಿದಿದೆ. ಲೈಟ್ ಸಾಲದೆ ಗಟ್ಟಿಯಾಗದಿರುವುದು ಅದಕ್ಕೆ ಸಾಮಾನ್ಯ ಕಾರಣ.

ನಿಮ್ಮದು ಹಲ್ಲಿನ ಕಡೆಯ ಸೋಲು, ಆದರೆ ತಕ್ಷಣ ಬ್ಲೀಚಿಂಗ್ ತಲೆಗೆ ಕಟ್ಟುವುದು ಬೇಡ. ತಾತ್ಕಾಲಿಕ ಸಿಮೆಂಟಿನಲ್ಲಿ ಯೂಜಿನಾಲ್ ಇತ್ತೇ? ಲವಂಗದ ಎಣ್ಣೆಯ ಈ ಅಂಶವೂ ಆಮ್ಲಜನಕದಂತೆಯೇ ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ. ಕುತ್ತಿಗೆಯ ಬಳಿ ವಸಡಿನ ರಕ್ತವೋ ದ್ರವವೋ ಸೇರಿತ್ತೇ? ಡೆಂಟಿನ್ ಎಷ್ಟು ತೆರೆದಿತ್ತು? ಜುಮ್ಮೆನ್ನುವುದನ್ನು ತಗ್ಗಿಸಲೆಂದು ಫ್ಲೋರೈಡ್ ವಾರ್ನಿಷ್ ಹಚ್ಚಿದ್ದಿರೇ? ಆ ರೋಗಿ ತಾತ್ಕಾಲಿಕ ಹೊದಿಕೆಯ ದಿನಗಳಲ್ಲೂ ಮನೆಯಲ್ಲಿ ಟ್ರೇ ಹಾಕಿಕೊಳ್ಳುತ್ತಿದ್ದರೇ ಎಂದೂ ಕೇಳಿ. ‘ಟ್ಯೂಬಿನಲ್ಲಿ ಸ್ವಲ್ಪ ಜೆಲ್ ಉಳಿದಿತ್ತು’ ಎನ್ನುವವರು ಸಾಕಷ್ಟು ಮಂದಿ ಇರುತ್ತಾರೆ. ಕೊನೆಯ ಬ್ಲೀಚಿಂಗ್ ದಿನಾಂಕ ಎಂದರೆ ನೀವು ನಿಲ್ಲಿಸಿ ಎಂದ ದಿನವಲ್ಲ, ಅವರು ನಿಲ್ಲಿಸಿದ ದಿನ. ಟ್ರೇ ಮತ್ತು ಉಳಿದ ಜೆಲ್ ಎರಡನ್ನೂ ವಾಪಸ್ ತರಿಸಿ ಇಟ್ಟುಕೊಳ್ಳುವುದು ಸುಲಭದ ಉಪಾಯ.

ಕಳಚಿದ ವೆನಿಯರ್ ಬಿರುಕಿಲ್ಲದೆ ಇದ್ದರೆ ಬಿಸಾಡಬೇಕಿಲ್ಲ. ಲ್ಯಾಬಿನ ಕುಲುಮೆಯಲ್ಲಿ ನಿಧಾನವಾಗಿ ಬಿಸಿಯೇರಿಸಿ ಒಳಗಿನ ರೆಸಿನ್ ಸುಡಿಸಿಕೊಂಡು, ಮತ್ತೆ ಎಚ್ಚ್ ಮಾಡಿ ಅಂಟಿಸಬಹುದು. ಬರ್‌ನಿಂದ ಕೆರೆಯಲು ಹೋದರೆ ಒಳಮೈಯಲ್ಲಿ ಕಣ್ಣಿಗೆ ಕಾಣದ ಗೀರುಬಿರುಕು ಬಿದ್ದು ಮುಂದೊಂದು ದಿನ ಅಲ್ಲಿಂದಲೇ ಒಡೆಯುತ್ತದೆ.

ಅಂಟಿಸುವ ದಿನದ ಕೆಲಸ ವೆನಿಯರ್ ಒಳಮೈಯಿಂದ ಶುರು. ಲಿಥಿಯಂ ಡೈಸಿಲಿಕೇಟ್‌ಗೆ ಶೇ. 5ರ ಹೈಡ್ರೋಫ್ಲೋರಿಕ್ ಆಮ್ಲ 20 ಸೆಕೆಂಡ್, ಗಡಿಯಾರ ನೋಡಿಕೊಂಡು. ಲ್ಯೂಸೈಟ್ ಪಿಂಗಾಣಿಗೆ ಇದೇ ಆಮ್ಲ 60 ಸೆಕೆಂಡ್. ಫೆಲ್ಡ್‌ಸ್ಪಾರ್ ಪಿಂಗಾಣಿಗೆ ಶೇ. 9–10ರದು ಒಂದರಿಂದ ಎರಡು ನಿಮಿಷ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಕೆಡುತ್ತದೆ: ಡೈಸಿಲಿಕೇಟನ್ನು ಎರಡು ನಿಮಿಷ ಆಮ್ಲದಲ್ಲಿಟ್ಟರೆ ಹಿಡಿತ ಹೆಚ್ಚುವುದಿಲ್ಲ, ತೆಳು ಪಿಂಗಾಣಿ ದುರ್ಬಲವಾಗುತ್ತದೆ. ಲ್ಯಾಬಿನವರು ಆಗಲೇ ಎಚ್ಚ್ ಮಾಡಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಮಾಡಿದ್ದರೆ ನೀವು ಮತ್ತೆ ಮಾಡಬೇಡಿ, ಟ್ರೈ-ಇನ್ ಕೊಳೆ ತೆಗೆದರೆ ಸಾಕು. ಜಿರ್ಕೋನಿಯಾ ವೆನಿಯರ್ ಆಗಿದ್ದರೆ ಈ ಆಮ್ಲದಿಂದ ಪ್ರಯೋಜನವೇ ಇಲ್ಲ, ಅದರ ದಾರಿ ಬೇರೆ.

ಹೈಡ್ರೋಫ್ಲೋರಿಕ್ ಆಮ್ಲವನ್ನು ಬಾಯೊಳಗೆ ತರಬಾರದು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇರಲಿ. ತೊಳೆದ ನೀರು ಸೋಡಾ ಬೈಕಾರ್ಬನೇಟ್ ಕರಗಿಸಿದ ಬಟ್ಟಲಿಗೆ ಬೀಳಲಿ. ಚರ್ಮಕ್ಕೆ ತಾಗಿದರೆ ಮೊದಲು ನೋವೇ ಇರುವುದಿಲ್ಲ, ಆದರೆ ಒಳಗಿಳಿದು ಊತಕದ ಕ್ಯಾಲ್ಸಿಯಂ ಹಿಡಿಯುತ್ತದೆ. ತಕ್ಷಣ ನೀರಿನಲ್ಲಿ ತೊಳೆದು ಶೇ. 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ ವೈದ್ಯರ ಬಳಿ ಹೋಗಬೇಕು. ಆ ಜೆಲ್ ಟ್ಯೂಬ್ ಆಮ್ಲದ ಪಕ್ಕದಲ್ಲೇ ಇಲ್ಲದ ಕ್ಲಿನಿಕ್ಕಿನಲ್ಲಿ ಈ ಆಮ್ಲ ಇರಬಾರದು.

ಎಚ್ಚ್ ಆಗಿ ತೊಳೆದ ಮೇಲೆ ಒಳಮೈಯಲ್ಲಿ ಕರಗದ ಲವಣದ ಬಿಳಿ ಪುಡಿ ಕೂತಿರುತ್ತದೆ. ನೀರಿನಿಂದ ಅದು ಪೂರ್ತಿ ಹೋಗುವುದಿಲ್ಲ. ಶೇ. 37ರ ಫಾಸ್ಫೋರಿಕ್ ಆಮ್ಲವನ್ನು ಬ್ರಷ್‌ನಿಂದ ಒಂದು ನಿಮಿಷ ಉಜ್ಜಿ ತೊಳೆದು, ಆಮೇಲೆ ಆಲ್ಕೊಹಾಲಿನಲ್ಲೋ ಡಿಸ್ಟಿಲ್ಡ್ ನೀರಿನಲ್ಲೋ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ನಾಲ್ಕೈದು ನಿಮಿಷ ಇಡಿ. ಒಣಗಿಸಿದಾಗ ಎಲ್ಲೆಡೆ ಒಂದೇ ಸಮನಾದ ಮಂಕು ಕಾಣಬೇಕು. ಅಲ್ಲಲ್ಲಿ ದಟ್ಟ ಬಿಳಿ ಕಲೆ ಕಂಡರೆ ಪುಡಿ ಇನ್ನೂ ಇದೆ, ಹೊಳಪು ಕಂಡರೆ ಆಮ್ಲ ಅಲ್ಲಿ ತಾಗಿಲ್ಲ. ಆಮೇಲೆ ಸಿಲೇನ್, ತೆಳುವಾಗಿ ಒಂದು ಪದರ, ಒಂದು ನಿಮಿಷ ಬಿಟ್ಟು ಬಿಸಿಗಾಳಿಯಲ್ಲಿ ಒಣಗಿಸುವುದು. ಎರಡು ಮೂರು ಪದರ ಬಳಿದರೆ ಹಿಡಿತ ಹೆಚ್ಚುವ ಬದಲು ನಡುವೆ ದುರ್ಬಲ ಪದರವಾಗುತ್ತದೆ. ಒಂದೇ ಬಾಟಲಿಯ ಸಿಲೇನ್ ತೆರೆದಿಟ್ಟಂತೆ ಕೆಡುತ್ತದೆ. ತಿಳಿನೀರಿನಂತಿರಬೇಕಾದದ್ದು ಮಸುಕಾಗಿದ್ದರೆ ಕಸದ ಬುಟ್ಟಿಗೆ. ಕೊನೆಗೆ ಬಾಂಡಿಂಗ್ ಏಜೆಂಟ್ ತೆಳುವಾಗಿ ಹಚ್ಚಿ, ಲೈಟ್ ಹಿಡಿಯದೆ, ಕಿತ್ತಳೆ ಬಣ್ಣದ ಮುಚ್ಚಳದ ಕೆಳಗೆ ಕ್ರಮವಾಗಿ ಜೋಡಿಸಿಡಿ. ಬಲ ಎಡ ಲ್ಯಾಟರಲ್ (ನಡುಹಲ್ಲುಗಳ ಪಕ್ಕದವು) ಅದಲುಬದಲಾಗುವುದು ನಗುವ ವಿಷಯವಲ್ಲ, ಸಿಮೆಂಟ್ ಹಾಕಿದ ಮೇಲೆ ಗೊತ್ತಾಗುತ್ತದೆ.

ಟ್ರೈ-ಇನ್ ವೇಳೆ ಒಂದೇ ಒಂದು ಎಚ್ಚರಿಕೆ: ರೋಗಿಗೆ ಕಚ್ಚಲು ಹೇಳಬೇಡಿ. ಅಂಟಿಸದ ವೆನಿಯರ್ ಮೊಟ್ಟೆಯ ಚಿಪ್ಪಿನ ಹಾಗೆ.

ಹಲ್ಲಿನ ಕಡೆ ರಬ್ಬರ್ ಡ್ಯಾಮ್ (ಜೊಲ್ಲು ತಡೆಯಲು ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹಾಕಿ. ಸೀಳು ಡ್ಯಾಮ್ ಆದರೂ ಸರಿ, ವಸಡಿನ ಸಂದಿನಲ್ಲಿ ತೆಳು ದಾರ ಇರಲಿ, ಪಕ್ಕದ ಹಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಿ. ಪ್ಯುಮಿಸ್ ನೀರಿನಲ್ಲಿ ಕಲಸಿದ್ದಾಗಿರಲಿ. ಎಣ್ಣೆ, ಫ್ಲೋರೈಡ್ ಇರುವ ಪಾಲಿಶ್ ಪೇಸ್ಟ್ ಬೇಡ. ಇದಾದ ಮೇಲೆ ಮೇಲೆ ಹೇಳಿದ ಆಸ್ಕಾರ್ಬೇಟ್, ಅನಂತರ ಶೇ. 37ರ ಫಾಸ್ಫೋರಿಕ್ ಆಮ್ಲ ಎನಾಮೆಲ್ಲಿಗೆ 30 ಸೆಕೆಂಡ್, ಡೆಂಟಿನ್ ಎಲ್ಲಾದರೂ ಇಣುಕಿದ್ದರೆ ಅಲ್ಲಿ 15 ಸೆಕೆಂಡ್ ಮಾತ್ರ. ಹಲ್ಲು ಕಡಿದ ದಿನವೇ ಡೆಂಟಿನ್‌ಗೆ ರೆಸಿನ್ ಸೀಲ್ ಹಾಕಿದ್ದರೆ ಆ ಜಾಗವನ್ನು 27 ಅಥವಾ 50 ಮೈಕ್ರಾನ್ ಅಲ್ಯುಮಿನಾ ಪುಡಿಯಿಂದ ಹಗುರಾಗಿ ಒರಟು ಮಾಡಿ. ತೊಳೆದು ಒಣಗಿಸಿದಾಗ ಎನಾಮೆಲ್ ಸುಣ್ಣ ಬಳಿದಂತೆ ಕಾಣಬೇಕು. ಕಾಣದಿದ್ದರೆ ಮತ್ತೆ ಆಮ್ಲ. ಜೊಲ್ಲು ತಾಗಿದರೂ ಅಷ್ಟೇ, ಒರೆಸಿ ಮುಂದುವರಿಯುವಂತಿಲ್ಲ. ಯೂನಿವರ್ಸಲ್ ಬಾಂಡಿಂಗ್ ಏಜೆಂಟ್ ಬಳಸುವವರು ಆಮ್ಲದ ಹಂತ ಬಿಟ್ಟುಬಿಡುವುದುಂಟು. ಬ್ಲೀಚ್ ಆದ ಎನಾಮೆಲ್ಲಿಗೆ ಆ ಅಡ್ಡದಾರಿ ಹಿಡಿಯಬೇಡಿ. ಬಾಂಡಿಂಗ್ ಏಜೆಂಟನ್ನು 20 ಸೆಕೆಂಡ್ ಉಜ್ಜುತ್ತ ಹಚ್ಚಿ, ದ್ರಾವಕ ಆರುವವರೆಗೆ ಗಾಳಿ ಹಿಡಿದು ತೆಳುಮಾಡಿ. ಬರೀ ಎನಾಮೆಲ್ ಇದ್ದರೆ ಅಲ್ಲಿ ಲೈಟ್ ಹಿಡಿಯದೆ ಸಿಮೆಂಟ್ ಜೊತೆಗೇ ಗಟ್ಟಿಮಾಡಬಹುದು; ಮೊದಲೇ ಗಟ್ಟಿಯಾದ ಅಂಟು ಮೂಲೆಯಲ್ಲಿ ನಿಂತುಕೊಂಡರೆ ವೆನಿಯರ್ ಪೂರ್ತಿ ಕೂರುವುದಿಲ್ಲ.

ಸಿಮೆಂಟ್ ಲೈಟಿನಿಂದ ಮಾತ್ರ ಗಟ್ಟಿಯಾಗುವಂಥದ್ದೇ ಇರಲಿ. ಎರಡು ರೀತಿಯಲ್ಲೂ ಗಟ್ಟಿಯಾಗುವ ಸಿಮೆಂಟುಗಳಲ್ಲಿನ ಅಮೈನ್ ವರ್ಷಗಳಲ್ಲಿ ಹಳದಿಗೆ ತಿರುಗಬಹುದು, ತೆಳು ವೆನಿಯರ್ ಅದನ್ನು ಮುಚ್ಚಿಡದು. ಎರಡು ಸೆಂಟ್ರಲ್‌ಗಳಿಂದ, ಅಂದರೆ ನಡುಹಲ್ಲುಗಳಿಂದ, ಶುರುಮಾಡಿ. ಮಧ್ಯರೇಖೆ ಓರೆಯಾದರೆ ಉಳಿದ ನಾಲ್ಕೂ ಓರೆ. ಬೆರಳಿನಿಂದ ಮೆಲ್ಲಗೆ, ಒಂದೇ ಸಮ ಒತ್ತಿದಾಗ ಅಂಚಿನ ಸುತ್ತ ಎಲ್ಲ ಕಡೆ ಸಿಮೆಂಟ್ ಹೊರಬರಬೇಕು. ಒಂದು ಕಡೆ ಬಾರದಿದ್ದರೆ ಅಲ್ಲಿ ಟೊಳ್ಳು, ತೆಗೆದು ಮತ್ತೆ ತುಂಬಿ. ನಡುವೆ ಲೈಟ್ ಒಂದೆರಡು ಸೆಕೆಂಡ್ ಮಾತ್ರ ತೋರಿಸಿ, ಹೆಚ್ಚಾದ ಸಿಮೆಂಟ್ ಜೆಲ್ಲಿಯಂತಾದಾಗ ತೆಗೆದು, ಸಂದಿಗೆ ಫ್ಲಾಸ್ ಎಳೆಯಿರಿ. ಫ್ಲಾಸನ್ನು ಹಲ್ಲಿನ ತುದಿಯ ಕಡೆಗೆ ಕೀಳಬೇಡಿ, ಪಕ್ಕಕ್ಕೆ ಎಳೆದು ತೆಗೆಯಿರಿ. ಅಂಚಿಗೆ ಗ್ಲಿಸರಿನ್ ಜೆಲ್ ಬಳಿದು, ಮುಂದಿನಿಂದ, ಹಿಂದಿನಿಂದ, ಪ್ರತಿ ಕಡೆಗೂ 40 ಸೆಕೆಂಡ್ ಲೈಟ್ ಹಿಡಿಯಿರಿ. ಈ ಜೆಲ್ ಗಾಳಿಯ ಆಮ್ಲಜನಕವನ್ನು ಹೊರಗಿಡಲಿಕ್ಕೆ: ಒಳಗಿನ ಆಮ್ಲಜನಕಕ್ಕೆ ಎರಡು ವಾರ ಕಾದು, ಹೊರಗಿನದನ್ನು ಅಂಚಿನಲ್ಲಿ ಬಿಟ್ಟುಕೊಂಡರೆ ಆರು ತಿಂಗಳಲ್ಲಿ ಅಲ್ಲೇ ಕಂದು ಗೆರೆ ಮೂಡುತ್ತದೆ. ಲೈಟಿನ ಶಕ್ತಿ ಚದರ ಸೆಂ.ಮೀ.ಗೆ 1000 ಮಿಲಿವ್ಯಾಟ್ ಇದೆಯೇ ಎಂದು ರೇಡಿಯೊಮೀಟರಿನಲ್ಲಿ ಆಗಾಗ ನೋಡಿಕೊಳ್ಳಿ. ತುದಿಗೆ ಒಣಗಿದ ರೆಸಿನ್ ಅಂಟಿದ್ದರೆ ಬೆಳಕು ಅಲ್ಲೇ ಅರ್ಧವಾಗಿರುತ್ತದೆ. ಅಂಚಿನಲ್ಲಿ ಉಳಿದ ಸಿಮೆಂಟನ್ನು 12ನೇ ನಂಬರಿನ ಬ್ಲೇಡಿನಿಂದ ತೆಗೆದು, ಡ್ಯಾಮ್ ಬಿಚ್ಚಿದ ಮೇಲೆಯೇ ಕಚ್ಚುವಿಕೆ ನೋಡುವುದು. ದವಡೆ ಮುಂದಕ್ಕೆ, ಪಕ್ಕಕ್ಕೆ ಜಾರಿಸಿಯೂ ನೋಡಿ.

ಆರರಲ್ಲಿ ಒಂದಕ್ಕೆ ರೂಟ್ ಕೆನಾಲ್ ಆಗಿ ಒಳಗಿನಿಂದ ಬ್ಲೀಚ್ ಮಾಡಿದ್ದರೆ ಲೆಕ್ಕ ಬೇರೆ. ಅಲ್ಲಿ ಔಷಧ ಡೆಂಟಿನ್ ಒಳಗೇ ಕೂತಿತ್ತು. ಬ್ಲೀಚ್ ತೆಗೆದ ಮೇಲೆ ಒಂದೆರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿಟ್ಟು, ಆಮೇಲೆ ಒಳರಂಧ್ರಕ್ಕೆ ಕಾಂಪೋಸಿಟ್ ಹಾಕಿ, ಅನಂತರ ವೆನಿಯರ್. ಮೂರು ವಾರಕ್ಕಿಂತ ಮೊದಲು ಆ ಹಲ್ಲನ್ನು ಮುಟ್ಟದಿರುವುದು ಲೇಸು. ಬಣ್ಣ ಮರುಕಳಿಸುವ ಸಂಭವವೂ ಅದರಲ್ಲೇ ಹೆಚ್ಚು, ಹಾಗಾಗಿ ಆ ಒಂದಕ್ಕೆ ಕೊಂಚ ಅಪಾರದರ್ಶಕ ಪಿಂಗಾಣಿ ಕೇಳಬೇಕಾಗಬಹುದು.

ವೆನಿಯರ್ ಆದ ಮೇಲೆ ಉಳಿದ ಹಲ್ಲುಗಳ ಬಿಳುಪು ಉಳಿಸಿಕೊಳ್ಳಲು ರೋಗಿ ಮತ್ತೆ ಟ್ರೇ ಕೇಳುತ್ತಾರೆ. ಹಳೆಯ ಟ್ರೇ ಕೊಡಬೇಡಿ. ಆರು ಹಲ್ಲಿನ ಆಕಾರ ಬದಲಾಗಿದೆ, ಅದು ಅಂಚನ್ನು ಒತ್ತುತ್ತದೆ. ಹೊಸ ಅಳತೆಯಲ್ಲಿ ಹೊಸದು ಮಾಡಿ. ಪೆರಾಕ್ಸೈಡ್ ಪಿಂಗಾಣಿಯ ಬಣ್ಣ ಬದಲಾಯಿಸುವುದಿಲ್ಲ, ಆದರೆ ಹಿಂಬದಿಯಿಂದ ಒಳಗಿನ ಹಲ್ಲನ್ನು ಬಿಳಿಮಾಡಬಲ್ಲದು ಎಂಬುದು ಅವರಿಗೂ ತಿಳಿದಿರಲಿ. ತಪಾಸಣೆಗೆ ಬಂದಾಗ ಫ್ಲೋರೈಡ್ ಹಚ್ಚುವುದಾದರೆ ಆಮ್ಲೀಯ ಫಾಸ್ಫೇಟ್ ಫ್ಲೋರೈಡ್ ಜೆಲ್ ಬೇಡ, ಅದು ಪಿಂಗಾಣಿಯ ಹೊಳಪನ್ನು ತಿನ್ನುತ್ತದೆ. ತಟಸ್ಥ ಸೋಡಿಯಂ ಫ್ಲೋರೈಡ್ ಬಳಸಿ, ಆ ಮಾತನ್ನು ರೋಗಿಯ ಕಡತದ ಮೊದಲ ಪುಟದಲ್ಲೇ ಬರೆದಿಡಿ. ಮುಂದಿನ ಸಲ ಜೆಲ್ ಹಚ್ಚುವವರು ನೀವೇ ಆಗಿರುತ್ತೀರಿ ಎಂದೇನಿಲ್ಲ.